ಒಂದೇ ಇಂಜಿನ್‌ಗೆ ಎರಡು ಬಣ್ಣ ಯಾಕೆ ಅಂತ ಕೇಳಿದ್ಯಲ್ಲ, ಅದಕ್ಕೊಂದು ಪತ್ರ

ರಾಘು,

ನಿನ್ನ ಮೆಸೇಜ್ ನೋಡ್ದೆ ಕಣೋ. ಎರಡು ಪ್ರಶ್ನೆ ಕೇಳಿದ್ದೀಯ. ನಿನ್ನ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಸ್ಟೀಮ್ ಇಂಜಿನ್ ಮಾಡೆಲ್‌ಗೆ ಹೊಡೆಯೋಕೆ ಸರಿಯಾದ ಹಸಿರು ಯಾವುದು ಅನ್ನೋದು ಒಂದು, ನಾನು ಕಳಿಸಿದ ಫೋಟೋಗಳಲ್ಲಿ ಅದೇ ಗೂಡ್ಸ್ ಇಂಜಿನ್ ಒಂದ್ರಲ್ಲಿ ಇಟ್ಟಿಗೆ ಬಣ್ಣ ಇನ್ನೊಂದ್ರಲ್ಲಿ ದ್ರಾಕ್ಷಿ ಬಣ್ಣ ಯಾಕೆ ಕಾಣುತ್ತೆ, ಎಡಿಟ್ ಮಾಡಿದ್ಯಾ ಅನ್ನೋದು ಇನ್ನೊಂದು. ಎಡಿಟ್ ಮಾಡಿಲ್ಲ. ಎರಡಕ್ಕೂ ಉತ್ತರ ಒಂದೇ ಕಡೆ ಹೋಗಿ ಸೇರುತ್ತೆ, ವಾಟ್ಸಾಪಲ್ಲಿ ನಾಲ್ಕು ಸಾಲಲ್ಲಿ ಮುಗಿಯೋ ವಿಷಯ ಅಲ್ಲ ಇದು, ಅದಕ್ಕೇ ಉದ್ದಕ್ಕೆ ಬರೀತಿದ್ದೀನಿ.

ಮೊದಲು ಆ ಗೂಡ್ಸ್ ಇಂಜಿನ್. ಅದು ಕ್ಲಾಸ್ 66 ಅನ್ನೋ ಮಾದರಿಯ ಡೀಸೆಲ್ ಇಂಜಿನ್. ಇಲ್ಲಿ ಇಂಗ್ಲೆಂಡಲ್ಲಿ ಯಾವ ಸ್ಟೇಷನ್‌ಗೆ ಹೋದ್ರೂ ಒಂದಲ್ಲ ಒಂದು 66 ಹಾದು ಹೋಗುತ್ತೆ, ಅದಕ್ಕೇ ಫೋಟೋ ತೆಗೆಯೋರು ಅದನ್ನ ನೋಡಿದ್ರೆ ಕ್ಯಾಮೆರಾ ಕೆಳಗಿಳಿಸ್ತಾರೆ. ಕೆನಡಾದ ಒಂಟಾರಿಯೋದಲ್ಲಿ ಲಂಡನ್ ಅಂತಾನೇ ಒಂದು ಊರಿದೆ, ಅಲ್ಲಿ ಕಟ್ಟಿ 1998ರಿಂದ ಹಡಗಲ್ಲಿ ಬರೋಕೆ ಶುರುವಾದ್ವು, ಇಡಬ್ಲ್ಯೂಎಸ್ ಅನ್ನೋ ಗೂಡ್ಸ್ ರೈಲು ಕಂಪನಿ ಒಂದೇ 250 ತರಿಸ್ಕೊಂಡಿತ್ತು. ಕಡು ಮರೂನ್ ಮೈ, ಹೊಟ್ಟೆ ಮೇಲೆ ಬಂಗಾರದ ಬಣ್ಣದ ದಪ್ಪ ಪಟ್ಟಿ. 2007ರಲ್ಲಿ ಜರ್ಮನಿಯ ರೈಲ್ವೆ ಡಾಯ್ಚ ಬಾನ್ ಆ ಕಂಪನಿನ ಕೊಂಡ್ಕೊಂಡ್ರೂ ಎಲ್ಲ ಇಂಜಿನ್‌ಗೂ ಹೊಸ ಕೆಂಪು ಬಣ್ಣ ಬೀಳಲಿಲ್ಲ, ಎಷ್ಟೋ ಇಂಜಿನ್ ಹಳೇ ಮರೂನಲ್ಲೇ ವರ್ಷಗಟ್ಟಲೆ ಓಡಿದ್ವು. ನಿನಗೆ ಕಳಿಸಿದ ಮೊದಲನೇ ಫೋಟೋ ಡಾಂಕಾಸ್ಟರ್ ಸ್ಟೇಷನಲ್ಲಿ ಡಿಸೆಂಬರ್ ಮಧ್ಯಾಹ್ನ ತೆಗೆದದ್ದು, ಇಲ್ಲಿ ಆ ತಿಂಗಳು ಸೂರ್ಯ ಮೇಲಕ್ಕೇ ಏರಲ್ಲ, ಮೂರು ಗಂಟೆಗೆಲ್ಲ ಹಳದಿ ಬಿಸಿಲು ಅಡ್ಡಡ್ಡ ಬೀಳುತ್ತೆ. ಎರಡನೇದು ಮಳೆ ನಿಂತ ಮೇಲೆ, ಮೋಡ ಕವಿದು ಇಂಜಿನ್ ಮೈಯೆಲ್ಲ ಒದ್ದೆ ಇದ್ದಾಗ. ಮಾಸಿದ ಪೇಂಟ್ ಮೇಲೆ ನೀರು ಕೂತ್ರೆ ಬಣ್ಣ ಕಡು ಆಗುತ್ತೆ, ಒಣಗಿದ್ರೆ ಮತ್ತೆ ಬೂದಿ ಬೂದಿ. ಅಷ್ಟೇ ವ್ಯತ್ಯಾಸ.

ಆ ಎರಡನೇ ಫೋಟೋನ ಝೂಮ್ ಮಾಡಿ ನೋಡು. ಮೈ ಪಕ್ಕದಲ್ಲಿ ಹಳೇ ಕಂಪನಿಯ ಅಕ್ಷರದ ಸ್ಟಿಕ್ಕರ್ ಕಿತ್ತು ಹಾಕಿದ ಜಾಗ ಇದೆ. ಅಕ್ಷರ ಇಲ್ಲ, ಆದ್ರೆ ಓದೋಕಾಗುತ್ತೆ, ಯಾಕಂದ್ರೆ ಸ್ಟಿಕ್ಕರ್ ಕೆಳಗಿದ್ದ ಪೇಂಟ್ ಇಷ್ಟು ವರ್ಷ ಬಿಸಿಲು ಕಾಣದೆ ಮೊದಲಿದ್ದ ಹಾಗೇ ಉಳ್ಕೊಂಡಿದೆ, ಸುತ್ತಲಿನದು ಮಾಸಿ ಹೋಗಿದೆ. ಕಿಟಕಿ ಕೆಳಗೆ ಒರೆಸಿದ ಕಡೆ ಮೂರನೇ ಶೇಡ್, ಡೀಸೆಲ್ ಚೆಲ್ಲಿ ಹರಿದ ಕಡೆ ನಾಲ್ಕನೇದು. ಒಂದೇ ಇಂಜಿನ್, ಒಂದೇ ಡಬ್ಬಿಯ ಪೇಂಟ್, ಒಂದೇ ಕ್ಷಣ, ಇದರಲ್ಲಿ ಯಾವುದು ಇಡಬ್ಲ್ಯೂಎಸ್ ಮರೂನ್ ಅಂತ ಯಾರಾದ್ರೂ ಬೆರಳಿಟ್ಟು ತೋರಿಸಲಿ ನೋಡೋಣ. ನಮ್ಮಮ್ಮ ಸೀರೆ ಅಂಗಡಿಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಬಣ್ಣ ನಂಬದೆ ಸೀರೆನ ಬಾಗಿಲ ತನಕ ತಂದು ನೋಡ್ತಿದ್ರಲ್ಲ, ರೈಲಿನ ಬಣ್ಣಕ್ಕೂ ಅದೇ ಕಣ್ಣು ಬೇಕು.

ಈಗ ಇದನ್ನೇ ನೂರೈವತ್ತು ವರ್ಷ ಹಿಂದಕ್ಕೆ ತಗೊಂಡು ಹೋಗು. ಇಲ್ಲಿನ ಹಳೇ ಸ್ಟೀಮ್ ಇಂಜಿನ್‌ಗಳ ಬಣ್ಣದ ಬಗ್ಗೆ ಜನ ಎಷ್ಟು ಗಂಭೀರವಾಗಿ ವಾದ ಮಾಡ್ತಾರೆ ಅಂದ್ರೆ ನನಗೆ ಅವರ ಮೇಲೆ ಗೌರವ ಇದೆ. ಆದ್ರೆ ತುಂಬಾ ಜನ ಬ್ಲಾಕ್ ಅಂಡ್ ವೈಟ್ ಫೋಟೋ ಮುಂದಿಟ್ಕೊಂಡು "ನೋಡಿ ಇಲ್ಲಿ ತಿಳಿಯಾಗಿದೆ, ಅಂದ್ರೆ ತಿಳಿ ಬಣ್ಣಾನೇ" ಅಂತಾರೆ, ಅಲ್ಲೇ ದಾರಿ ತಪ್ಪೋದು. ಆಗ ಫಿಲ್ಮ್ ಬದಲು ಕ್ಯಾಮೆರಾಗೆ ಹಾಕ್ತಿದ್ದ ಗಾಜಿನ ಪ್ಲೇಟ್‌ಗೆ ಕೆಂಪು ಕಾಣ್ತಾನೇ ಇರಲಿಲ್ಲ, ಫೋಟೋದಲ್ಲಿ ಕೆಂಪು ಅಂದ್ರೆ ಕಪ್ಪೇ, ಹಳದಿನೂ ಕಪ್ಪಾಗಿ ಬೀಳ್ತಿತ್ತು, ನೀಲಿ ಮಾತ್ರ ಬಿಳಚಿಕೊಂಡು ಬೀಳ್ತಿತ್ತು. ಹಂಗಾಗಿ ಸ್ಕಾಟ್ಲೆಂಡಿನ ಕ್ಯಾಲಿಡೋನಿಯನ್ ರೈಲ್ವೆಯ ನೀಲಿ ಇಂಜಿನ್‌ಗಳು ಹಳೇ ಫೋಟೋದಲ್ಲಿ ಇದ್ದದ್ದಕ್ಕಿಂತ ತಿಳಿಯಾಗಿ ಕಾಣ್ತವೆ, ಮಿಡ್‌ಲ್ಯಾಂಡ್ ರೈಲ್ವೆಯ ಆ ಚಂದದ ಕೆಂಪು ಇಂಜಿನ್ ಕಲ್ಲಿದ್ದಲು ತುಂಡಿನ ಹಾಗೆ ಕಾಣುತ್ತೆ.

ಇನ್ನೊಂದು ವಿಷಯ ನಿನಗೆ ಗೊತ್ತಿರಲಿಕ್ಕಿಲ್ಲ. ಹೊಸ ಇಂಜಿನ್ ಕಟ್ಟಿದ ತಕ್ಷಣ ವರ್ಕ್‌ಶಾಪಿನವರು ಅಫಿಷಿಯಲ್ ಫೋಟೋ ತೆಗೀತಿದ್ರು, ಆ ಫೋಟೋಗೋಸ್ಕರಾನೇ ಇಂಜಿನ್‌ಗೆ ಹೊಳಪಿಲ್ಲದ ಬೂದು ಬಣ್ಣ ಹೊಡೀತಿದ್ರು. ಬೋಲ್ಟು ಪೈಪು ರಿವೆಟ್ಟು ಎಲ್ಲ ಸ್ಪಷ್ಟವಾಗಿ ಬೀಳ್ಲಿ ಅಂತ. ಅಂಚಿನ ಗೆರೆಗಳನ್ನೂ ಕಪ್ಪು ಬಿಳಿಯಲ್ಲೇ ಎಳೆದು, ಫೋಟೋ ಆದ ಮೇಲೆ ನಿಜವಾದ ಬಣ್ಣ ಹಾಕಿ ಕೆಲಸಕ್ಕೆ ಕಳಿಸ್ತಿದ್ರು. ಅಂದ್ರೆ ಎಲ್ಲಕ್ಕಿಂತ ಶಾರ್ಪ್ ಆಗಿರೋ, ಎಲ್ಲರೂ ಸಾಕ್ಷಿ ಅಂತ ತೋರಿಸೋ ಫೋಟೋದಲ್ಲೇ ಎಷ್ಟೋ ಸಲ ಇಂಜಿನ್ ಮೇಲೆ ಅದರ ಬಣ್ಣಾನೇ ಇಲ್ಲ!

ಇಷ್ಟೆಲ್ಲ ವಾದದಲ್ಲಿ ನನಗೆ ತುಂಬಾ ಇಷ್ಟವಾದದ್ದು ಸ್ಟ್ರೌಡ್ಲಿಯ ಹಳದಿ. ವಿಲಿಯಂ ಸ್ಟ್ರೌಡ್ಲಿ 1870ರಲ್ಲಿ ಲಂಡನ್ ಬ್ರೈಟನ್ ರೈಲ್ವೆಗೆ ಇಂಜಿನಿಯರ್ ಆಗಿ ಬಂದು ಪ್ಯಾಸೆಂಜರ್ ಇಂಜಿನ್‌ಗಳಿಗೆಲ್ಲ ಸಾಸಿವೆ ಹಳದಿ ಥರದ ಒಂದು ಬಣ್ಣ ಹಾಕಿಸಿದ, ಅದಕ್ಕೆ ಇಂಪ್ರೂವ್ಡ್ ಇಂಜಿನ್ ಗ್ರೀನ್ ಅಂತ ಹೆಸರು. ಹಳದಿಗೆ ಹಸಿರು ಅಂತ ಹೆಸರಿಟ್ಟಿದ್ದಕ್ಕೆ ಆತನಿಗೆ ಬಣ್ಣಗುರುಡು ಇತ್ತು ಅನ್ನೋ ಕಥೆ ಇವತ್ತಿಗೂ ಓಡಾಡ್ತಿದೆ. ನಾನು ಒಪ್ಪಲ್ಲ. ಅದೇ ಸ್ಟ್ರೌಡ್ಲಿ ಗೂಡ್ಸ್ ಇಂಜಿನ್‌ಗಳಿಗೆ ಕಡು ಆಲಿವ್ ಹಸಿರು ಹಾಕಿಸಿದ್ದ, ಎರಡನ್ನೂ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆಯಾಗೇ ಇಟ್ಟಿದ್ದ. ಅದಕ್ಕೂ ಮುಂಚೆ ಇನ್ವರ್ನೆಸ್‌ನ ಹೈಲ್ಯಾಂಡ್ ರೈಲ್ವೆಯಲ್ಲಿದ್ದಾಗಲೂ ಇಂಥದ್ದೇ ಹಳದಿ ಬಳಸಿದ್ದ. ಕಣ್ಣು ಕಾಣದೆ ಆದದ್ದಲ್ಲ ಅದು, ಬೇಕು ಅಂತ ಆರಿಸ್ಕೊಂಡದ್ದು. ಯಾರ್ಕ್‌ನ ನ್ಯಾಷನಲ್ ರೈಲ್ವೆ ಮ್ಯೂಸಿಯಂನಲ್ಲಿ 1882ರ ಗ್ಲಾಡ್‌ಸ್ಟನ್ ಅನ್ನೋ ಇಂಜಿನ್ ಇದೆ, 1880ರ ಪುಟ್ಟ ಬಾಕ್ಸ್‌ಹಿಲ್ ಇದೆ, ಎರಡಕ್ಕೂ ಆ ಹಳದಿ. ಬಂದಾಗ ನಿನ್ನನ್ನ ಮೊದಲು ಅಲ್ಲಿಗೇ ಕರ್ಕೊಂಡು ಹೋಗ್ತೀನಿ. ಆದ್ರೆ ಅವು ಈಚಿನ ಪೇಂಟ್ ಹೊಡೆದು ಮಾಡಿದ್ದು ಅನ್ನೋದು ನೆನಪಿರಲಿ. ಆಗಿನ ಬಣ್ಣ ಅಂದ್ರೆ ಪುಡಿಯನ್ನ ಅಗಸೆ ಎಣ್ಣೆಯಲ್ಲಿ ಅರೆದು ವರ್ಕ್‌ಶಾಪಲ್ಲೇ ಕಲಸ್ಕೊಳ್ತಿದ್ದದ್ದು, ಅದರ ಮೇಲೆ ಕೋಟ್ ಮೇಲೆ ಕೋಟ್ ವಾರ್ನಿಷ್. ವಾರ್ನಿಷ್ ದಿನ ಹೋದ ಹಾಗೆ ಹಳದಿ ತಿರುಗಿ ಕಂದು ಆಗುತ್ತೆ, ಕೆಳಗಿನ ನೀಲಿನ ಹಸಿರು ಮಾಡುತ್ತೆ, ಹಸಿರನ್ನ ಕಂದು ಮಾಡುತ್ತೆ. ಈಗ ಹಳೇ ತಗಡಿನಿಂದ ಕೆರೆದು ತೆಗೆದ ಚೂರು ನೋಡಿ ಇದೇ ಅಸಲಿ ಶೇಡ್ ಅಂದ್ರೆ ವಾರ್ನಿಷ್‌ನ ವಯಸ್ಸನ್ನೂ ಸೇರಿಸಿ ಅಳೆದ ಹಾಗಾಯ್ತು.

ಸರಿ, ನಿನ್ನ ಮಾಡೆಲ್. ಇಂಜಿನ್ ಕಟ್ಟಿದ್ದು ಇದೇ ಡಾಂಕಾಸ್ಟರಲ್ಲಿ, 1923ರಲ್ಲಿ. ಎಲ್‌ಎನ್‌ಇಆರ್ ಅನ್ನೋ ಹಳೇ ರೈಲ್ವೆ ಕಂಪನಿ ಕಾಲದಲ್ಲಿ ಆ್ಯಪಲ್ ಗ್ರೀನ್, ನಂಬರ್ 4472. ಯುದ್ಧದಲ್ಲಿ ಕಪ್ಪು. ಆಮೇಲೆ ಮತ್ತೆ ಹಸಿರು, ಸರ್ಕಾರ ರೈಲ್ವೆನ ತಗೊಂಡ ಮೇಲೆ ಸ್ವಲ್ಪ ದಿನ ನೀಲಿ, 1952ರಿಂದ ಕಡು ಬ್ರನ್ಸ್‌ವಿಕ್ ಗ್ರೀನ್, ನಂಬರ್ 60103. ಜೋಡಿ ಚಿಮಣಿ ಬಂದದ್ದು 1950ರ ದಶಕದ ಕೊನೆಯಲ್ಲಿ, ಹೊಗೆ ಮೇಲಕ್ಕೆ ತಳ್ಳೋಕೆ ಎರಡೂ ಪಕ್ಕ ಹಾಕಿದ ತಗಡಿನ ಕಿವಿ ಬಂದದ್ದು 1961ರಲ್ಲಿ. ಅಂದ್ರೆ ಆ ಕಿವಿ ಇರೋ ಮೈಗೆ ರೈಲ್ವೆ ಸರ್ವಿಸಲ್ಲಿ ಆ್ಯಪಲ್ ಗ್ರೀನ್ ಬಿದ್ದೇ ಇರಲಿಲ್ಲ. 2016ರಲ್ಲಿ ದೊಡ್ಡ ರಿಪೇರಿ ಮುಗಿಸಿ ಹೊರಗೆ ಬಂದಾಗ ಯಾರ್ಕ್‌ನ ಆ ಮ್ಯೂಸಿಯಂನವರು ಕಡು ಹಸಿರನ್ನೇ ಆರಿಸಿದ್ರು, ಎಷ್ಟೋ ಜನಕ್ಕೆ ಬೇಜಾರಾಯ್ತು, ಅವರ ಮನಸ್ಸಲ್ಲಿದ್ದದ್ದು 4472ರ ತಿಳಿ ಹಸಿರು. ನನ್ನ ಪ್ರಕಾರ ಮ್ಯೂಸಿಯಂ ಮಾಡಿದ್ದೇ ಸರಿ, ಮೈ ಯಾವ ಕಾಲದ್ದೋ ಬಣ್ಣಾನೂ ಆ ಕಾಲದ್ದೇ ಇರಬೇಕು. ನಿನ್ನ ಮಾಡೆಲ್‌ಗೆ ಕಿವಿ ಇದ್ರೆ ಕಡು ಹಸಿರು ಹೊಡಿ, ಇಲ್ದೆ ಚಿಮಣಿ ಒಂಟಿ ಇದ್ರೆ ಆ್ಯಪಲ್ ಗ್ರೀನ್. ಡಬ್ಬಿ ಮೇಲೆ ಬರೆದ ಶೇಡ್‌ಗಿಂತ ಒಂಚೂರು ತಿಳಿ ಮಾಡ್ಕೋ, ಚಿಕ್ಕ ವಸ್ತು ಮೇಲೆ ಅದೇ ಬಣ್ಣ ಕಡುವಾಗಿ ಕಾಣುತ್ತೆ.

ಬಣ್ಣದ ಜಗಳ ಇವತ್ತಿಂದು ಅಂತ ಅಂದ್ಕೋಬೇಡ. 1948ರ ಜನವರಿಯಲ್ಲಿ, ನ್ಯಾಷನಲೈಸ್ ಆದ ತಿಂಗಳೇ, ಲಂಡನ್ನಿನ ಕೆನ್ಸಿಂಗ್ಟನಲ್ಲಿ ಬ್ಲಾಕ್ ಫೈವ್ ಅನ್ನೋ ಮಾದರಿಯ ಸ್ಟೀಮ್ ಇಂಜಿನ್‌ಗಳಿಗೆ ಬೇರೆ ಬೇರೆ ಹಳೇ ಕಂಪನಿಗಳ ಹಸಿರು ಹೊಡೆದು ಸಾಲಾಗಿ ನಿಲ್ಲಿಸಿ ದೊಡ್ಡ ಅಧಿಕಾರಿಗಳು ನೋಡಿದ್ರು. ಎಕ್ಸ್‌ಪ್ರೆಸ್ ಇಂಜಿನ್‌ಗೆ ನೀಲಿ ಅಂತ ಮಾಡಿ, ಅದು ಬೇಗ ಹಾಳಾಗುತ್ತೆ ಅಂತ ಕೈಬಿಟ್ರು. 2008ರಲ್ಲಿ ಹೊಸದಾಗಿ ಕಟ್ಟಿದ ಸ್ಟೀಮ್ ಇಂಜಿನ್ ಟೊರ್ನೇಡೋಗೆ ಸ್ವಲ್ಪ ವರ್ಷ ಅದೇ ನೀಲಿ ಹಾಕಿದ್ರು, ಆ ನೀಲಿ ಎಷ್ಟು ಚೆನ್ನಾಗಿತ್ತು ಅನ್ನೋದು ಆಗ ಎಲ್ಲರಿಗೂ ಗೊತ್ತಾಯ್ತು.

ಈಗ ಅರ್ಥ ಆಯ್ತಾ ನಾನು ಯಾಕೆ ದಿನಾ ಓಡೋ ಟ್ರೈನ್ ಫೋಟೋ ತೆಗೀತೀನಿ ಅಂತ? ಸ್ಟೀಮ್ ಇಂಜಿನ್ ಬಂದ್ರೆ ಹೊಲದ ಬೇಲಿ ತುಂಬಾ ಕ್ಯಾಮೆರಾ, ಅದರ ಫೋಟೋ ಕೊರತೆ ಆಗಲ್ಲ. ಬೆಳಿಗ್ಗೆ ಶೆಫೀಲ್ಡ್ ಕಡೆ ಹೋಗೋ ನಾರ್ದರ್ನ್ ಕಂಪನಿಯ ಎರಡು ಬೋಗಿಯ ಟ್ರೈನ್ ಯಾರಿಗೆ ಬೇಕು? ಪೇಸರ್ ಅಂತ ಇತ್ತು, ಲೇಲ್ಯಾಂಡ್ ಬಸ್ಸಿನ ಮೈನ ಗೂಡ್ಸ್ ವ್ಯಾಗನ್ ಥರದ ನಾಲ್ಕು ಚಕ್ರದ ಮೇಲೆ ಕೂರಿಸಿದ ಟ್ರೈನ್, 1980ರ ದಶಕದಲ್ಲಿ ಕಟ್ಟಿದ್ದು. ಹಳಿಯ ಜಾಯಿಂಟ್ ಮೇಲೆ ಹೋದಾಗ ಕುಣೀತಿತ್ತು, ತಿರುವಲ್ಲಿ ಕಿರುಚ್ತಿತ್ತು, ಎಲ್ಲರೂ ಬೈತಿದ್ರು. 2021ಕ್ಕೆ ನ್ಯಾಷನಲ್ ನೆಟ್‌ವರ್ಕಿಂದ ಹೋದ್ವು. ಮೂವತ್ತೈದು ವರ್ಷ ಲಕ್ಷಾಂತರ ಜನ ಕೆಲಸಕ್ಕೆ ಸ್ಕೂಲಿಗೆ ಅದರಲ್ಲೇ ಹೋಗಿದ್ದಾರೆ. ಕೊನೇ ದಿನಗಳಲ್ಲಿ ಫೋಟೋ ತೆಗೆಯೋಕೆ ಜನ ಓಡಿದ್ರು, ಆದ್ರೆ ಮಧ್ಯದ ವರ್ಷಗಳ ಒಂದು ಮಾಮೂಲಿ ಮಂಗಳವಾರ, ಕೊಳೆಯಾದ ಬಾಗಿಲು, ಸೀಟಿನ ಬಟ್ಟೆ, ಅಂಥದ್ದು ಸಿಗೋದು ಕಷ್ಟ.

ಈಗಂತೂ ಕೈ ಬಿಡೋ ಹಾಗೇ ಇಲ್ಲ. 2025ರ ಮೇ ತಿಂಗಳಲ್ಲಿ ಸೌತ್ ವೆಸ್ಟರ್ನ್ ರೈಲ್ವೆ ಅನ್ನೋ ಖಾಸಗಿ ಕಂಪನಿಯ ಟ್ರೈನ್‌ಗಳು ಸರ್ಕಾರದ ಕೈಗೆ ಬಂದ್ವು, ಅದೇ ವರ್ಷ ಸಿಟುಸಿ, ಗ್ರೇಟರ್ ಆಂಗ್ಲಿಯಾ ಕೂಡ. ಸರ್ಕಾರದ ಗುತ್ತಿಗೆಯಲ್ಲಿ ಓಡೋ ಉಳಿದ ಪ್ಯಾಸೆಂಜರ್ ಕಂಪನಿಗಳೂ ಒಂದೊಂದಾಗಿ ಗ್ರೇಟ್ ಬ್ರಿಟಿಷ್ ರೈಲ್ವೇಸ್ ಅನ್ನೋ ಒಂದೇ ಹೆಸರಿನ ಕೆಳಗೆ, ಒಂದೇ ಕೆಂಪು ನೀಲಿ ಬಿಳಿ ಬಣ್ಣಕ್ಕೆ ಬರೋದಿದೆ. ಒಂದೇ ಬಣ್ಣ ಆಗೋದು ನನಗೆ ಬೇಸರ ಅಲ್ಲ, ಬಿಡು. ಆದ್ರೆ ಇವತ್ತು ಪ್ಲಾಟ್‌ಫಾರ್ಮ್ ತುದಿಯಲ್ಲಿ ನಿಂತ್ರೆ ಕಾಣೋ ಇಷ್ಟೊಂದು ಬಣ್ಣ ಇನ್ನು ಕೆಲವೇ ವರ್ಷ, ಆಮೇಲೆ ನಮ್ಮ ಮಕ್ಕಳ ಕಾಲದವರು ನಾರ್ದರ್ನ್‌ದು ನೀಲಿನಾ ನೇರಳೆನಾ ಅಂತ ವಾದ ಮಾಡ್ತಾರೆ, ಮಾಡ್ಲಿ, ಅವರ ಕೈಗೆ ಒಳ್ಳೇ ಸಾಕ್ಷಿ ಇರಲಿ.

ಅದಕ್ಕೇ ನಾನು ತೆಗೆಯೋ ರೀತಿನೂ ಬೇರೆ. ಬಿಸಿಲು ಮುಖಕ್ಕೆ ಬಿದ್ದ ಚಂದದ ಫೋಟೋ ಎಲ್ಲರ ಹತ್ರ ಇದೆ. ನಾನು ಮೋಡದ ದಿನಾನೂ ಹೋಗ್ತೀನಿ, ಕ್ಯಾಮೆರಾ ಬಣ್ಣ ತಿದ್ದದೆ ಇಡೋ ರಾ ಫೈಲಲ್ಲೇ ತೆಗೀತೀನಿ, ಟ್ರೈನ್ ಬರೋಕೆ ಮುಂಚೆ ಅದೇ ಬೆಳಕಲ್ಲಿ ಗ್ರೇ ಕಾರ್ಡ್‌ದು, ಅಂದ್ರೆ ಆಮೇಲೆ ಬಣ್ಣ ಹೊಂದಿಸೋಕೆ ಅಳತೆಯಾಗೋ ಬೂದು ಕಾರ್ಡ್‌ದು, ಒಂದು ಫ್ರೇಮ್, ಆಮೇಲೆ ನಂಬರ್, ತಾರೀಕು, ಟೈಮು, ಮಳೆನಾ ಬಿಸಿಲಾ, ತೊಳೆದಿತ್ತಾ ಇಲ್ವಾ ಅಂತ ಬರೆದಿಡ್ತೀನಿ. ಶಟರ್ ತುಂಬಾ ಸ್ಪೀಡ್ ಇಟ್ರೆ ಮುಂದಿನ ಎಲ್‌ಇಡಿ ಬೋರ್ಡಲ್ಲಿ ಊರ ಹೆಸರು ಅರ್ಧಂಬರ್ಧ ಬೀಳುತ್ತೆ, ಅದಕ್ಕೆ ನಿಧಾನ ಬರೋ ಟ್ರೈನ್‌ಗೆ 1/125ಕ್ಕೆ ಇಳಿಸ್ತೀನಿ, ಎಲ್ಲಿಗೆ ಹೋಗ್ತಿತ್ತು ಅನ್ನೋದೂ ಓದೋಕೆ ಸಿಗಬೇಕು. ಫ್ಲಾಶ್ ಇಲ್ಲಿ ಹಾಕೋ ಹಾಗೇ ಇಲ್ಲ, ಡ್ರೈವರ್ ಕಣ್ಣಿಗೆ ಹೊಡೆಯುತ್ತೆ. ಹಳದಿ ಗೆರೆ ದಾಟಲ್ಲ.

ಈಗ ನಿನ್ನ ಪಾಲಿನ ಕೆಲಸ ಹೇಳ್ತೀನಿ ಕೇಳು. ಮೈಸೂರು ಸ್ಟೇಷನ್‌ಗೆ ಇನ್ನೂ ಬರ್ತಿರೋ ಹಳೇ ಮಾದರಿಯ ನೀಲಿ ಐಸಿಎಫ್ ಬೋಗಿಗಳಿವೆಯಲ್ಲ, ಚೆನ್ನೈನ ಪೆರಂಬೂರ್ ಕಾರ್ಖಾನೆಯಲ್ಲಿ ಆ ಥರದ ಬೋಗಿ ಕಟ್ಟೋದನ್ನ 2018ರಲ್ಲೇ ನಿಲ್ಲಿಸಿದ್ರು, ಎಲ್ಲ ಕಡೆ ಹೊಸ ಮಾದರಿಯ ಕೆಂಪು ಎಲ್‌ಎಚ್‌ಬಿ ಬೋಗಿ ಬರ್ತಿದೆ. ಅವು ಪೂರ್ತಿ ಹೋಗೋಕೆ ಮುಂಚೆ, ಸ್ಟೇಷನಲ್ಲಿ ಕೇಳ್ಕೊಂಡು, ಒಂದು ಬಿಸಿಲ ದಿನ ಒಂದು ಮಳೆ ದಿನ ಹೋಗಿ ತೆಗಿ. ಕಿಟಕಿ ಸರಳಿನ ಕೆಳಗೆ ತುಕ್ಕು ಇಳಿದ ಗೆರೆ, ಹಳೇ ಅಕ್ಷರದ ಮೇಲೆ ಹೊಸ ಬೋರ್ಡ್ ಬರೆದ ಜಾಗ, ತೊಳೆದ ಕಡೆ ತೊಳೀದ ಕಡೆ, ಎಲ್ಲ ಹತ್ತಿರದಿಂದ. ಗ್ರೇ ಕಾರ್ಡ್ ಇನ್ನೊಂದು ಇದೆ ನನ್ನ ಹತ್ರ, ಮುಂದಿನ ತಿಂಗಳು ನಮ್ಮಣ್ಣ ಬರ್ತಿದ್ದಾನೆ, ಅವನ ಕೈಲಿ ಕಳಿಸ್ತೀನಿ, ಕೋಚ್ ನಂಬರ್ ಮಾತ್ರ ಬರ್ಕೊಳ್ಳೋದು ಮರೀಬೇಡ.

ನಿನ್ನ,
ಗುರು