ಈ ವಾರದ ಪದ: ಟೇಲ್ (tail)

ಎಲ್ಲರಿಗೂ ನಮಸ್ಕಾರ. ಟೇಲ್ ಅಂದರೆ ಬಾಲ, ಅಷ್ಟು ಗೊತ್ತೇ ಇದೆ. ಕ್ರಿಯಾಪದವಾದಾಗ ಗುಟ್ಟಾಗಿ ಒಬ್ಬರ ಬೆನ್ನು ಹತ್ತುವುದು, ಪತ್ತೇದಾರರ ಕೆಲಸ. ಟರ್ನ್ ಟೇಲ್ ಅಂದರೆ ಹೆದರಿ ಕಾಲಿಗೆ ಬುದ್ಧಿ ಹೇಳುವುದು. ಕ್ರಿಕೆಟ್‌ನಲ್ಲಿ ಕೊನೆಗೆ ಬ್ಯಾಟ್ ಹಿಡಿಯುವ ಟೇಲೆಂಡರ್‌ಗಳು ನಮ್ಮ ಪತ್ರಿಕೆಗಳ ಬಾಲಂಗೋಚಿಗಳು.

ಗೊಂದಲವಾಗೋದು ಟೇಲ್‌ಗೇಟಿಂಗ್‌ನಲ್ಲಿ. ಮುಂದಿನ ಗಾಡಿಗೆ ಅಂಟಿಕೊಂಡೇ ಓಡಿಸುವುದೂ ಅದೇ. ಆಫೀಸಿನಲ್ಲಿ ಒಬ್ಬರು ಕಾರ್ಡ್ ತೋರಿಸಿ ಬಾಗಿಲು ತೆರೆದಾಗ ಹಿಂದಿನವರು ಸುಮ್ಮನೆ ನುಸುಳುವುದೂ ಅದೇ. ಟೇಲ್‌ಗೇಟ್ ಅಂದರೆ ಲಾರಿಯ ಹಿಂಬದಿಯ ಹಲಗೆ. ಅದಕ್ಕೆ ಮೂಗು ತಾಗುವಷ್ಟು ಹತ್ತಿರ ಅಂತ!

ಕಥೆ ಅನ್ನೋ ಅರ್ಥದ ಟೇಲ್ (tale) ಬೇರೆ, ಉಚ್ಚಾರ ಮಾತ್ರ ಒಂದೇ. ಸ್ಪೆಲಿಂಗ್ ನೋಡಿಕೊಳ್ಳಿ.

ಭಾನುವಾರ ರಾತ್ರಿಯೊಳಗೆ ತಲಾ ಎರಡು ವಾಕ್ಯ ಬರೆದು ಹಾಕಿ. ಗುಡ್ ಮಾರ್ನಿಂಗ್ ಹೂಗಳು ಬೇಡ, ದಯವಿಟ್ಟು.