ನಮ್ಮ ಮನೆಯಲ್ಲಿ ಉಳಿದ ಏಳು ಡಬ್ಬಿಗಳು

ನಮ್ಮ ಮಾಂಟೆಸ್ಸರಿ ಸಾಲಿ 'ಮಕ್ಕಳ ಮನೆ'ಯ ಅಕ್ಕೋರಿಗೆ, ದಿನಾ ಬೆಳಿಗ್ಗೆ ಬಾಗಿಲು ತೆಗೆದು ಕಸ ಹೊಡೆಯುವ ಅಕ್ಕನಿಗೆ, ಎಲ್ಲ ಮಕ್ಕಳ ಅಪ್ಪ-ಅವ್ವಂದಿರಿಗೆ, ಅಜ್ಜ-ಆಯಿಗಳಿಗೆ ನಮಸ್ಕಾರ.

ನನ್ನ ಮಗನ ಇಲ್ಲಿನ ಮೂರು ವರ್ಷ ನಿನ್ನೆಗೆ ಮುಗಿದವು. ಜೂನ್‌ನಲ್ಲಿ ಅವನು ಒಂದನೇ ಇಯತ್ತೆಗೆ ಹೋಗುತ್ತಾನೆ. ನಿನ್ನೆ ಅಕ್ಕೋರು ನನಗೂ ಎರಡು ಮಾತು ಆಡಲು ಹೇಳಿದರು. ಎದ್ದು ನಿಂತೆ, ಗಂಟಲು ಕಟ್ಟಿತು, ಕೈ ಮುಗಿದು ಕೂತುಬಿಟ್ಟೆ. ಆಡಬೇಕೆಂದುಕೊಂಡಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ.

ನನ್ನ ಅಂಗಡಿ ಧಾರವಾಡದ ಹೊಸಯಲ್ಲಾಪುರದಲ್ಲಿದೆ. ಬಡಿಗತನ ನಮ್ಮ ಮನೆತನದ ಕೆಲಸ. ಅಪ್ಪ ಚಕ್ಕಡಿ ಗಾಲಿ ಮಾಡುತ್ತಿದ್ದರು. ನಾನು ಬಾಗಿಲು, ಮಂಚ, ಅಡುಗೆಮನೆ ಕಪಾಟು ಮಾಡುತ್ತೇನೆ. ಮಗ ಎರಡನೇ ವರ್ಷದಲ್ಲಿದ್ದಾಗ, ಶ್ರಾವಣದಲ್ಲಿ, ನಾಗರ ಪಂಚಮಿ ಮುಗಿದು ನಾಲ್ಕು ದಿನ ಆಗಿತ್ತು. ಮನೆಯಲ್ಲಿ ಕಟ್ಟಿದ್ದ ಜೋಕಾಲಿ ಇನ್ನೂ ಬಿಚ್ಚಿರಲಿಲ್ಲ. ಪ್ಲೈವುಡ್ ಕೊಯ್ಯುವಾಗ ಕಟಿಂಗ್ ಮಷಿನ್ ಜಿಗಿದು ಬಲಗೈ ಮಣಿಕಟ್ಟಿಗೆ ಬಂತು. ಬೆರಳು ಮಡಚುವ ಹುರಿಗಳು ಕಡಿದವು, ಜೊತೆಗೆ ಒಂದು ನರ.

ಆಪರೇಷನ್ ಮಾಡಿ ಹೊಲಿದರು. ಹುರಿಗಳು ಬೇಗ ಕೂಡಿಕೊಳ್ಳುತ್ತವೆ, ಆದರೆ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ, ತಾಳ್ಮೆ ಬೇಕು ಎಂದರು ಡಾಕ್ಟರ್. ಮನೆಗೆ ಬಂದವನೇ ಎಡಗೈಯಲ್ಲಿ ಟೇಪ್ ಹಿಡಿದು ಅಳೆದೆ. ಹೊಲಿಗೆಯಿಂದ ತೋರುಬೆರಳ ತುದಿಗೆ 17 ಸೆಂಟಿಮೀಟರ್. ಅಂದರೆ ಹತ್ತಿರ ಹತ್ತಿರ ಆರು ತಿಂಗಳ ದಾರಿ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಕಟ್ಟಿಗೆ ತುಂಡಿನ ಹಾಗೆ ಆಗಿದ್ದವು. ಬಿಸಿ ಚಹಾ ಕಪ್ಪು ತಾಗಿದರೂ ಗೊತ್ತಾಗುತ್ತಿರಲಿಲ್ಲ. ಬಡಿಗನಿಗೆ ಕಣ್ಣಿಗಿಂತ ಬೆರಳು ಜಾಸ್ತಿ ಬೇಕು. ರಂದಾ ಹೊಡೆದ ಮೇಲೆ ಹಲಗೆ ಮಟ್ಟ ಆಗಿದೆಯೋ ಇಲ್ಲವೋ ಅಂತ ನಾವು ಸವರಿ ನೋಡುತ್ತೇವೆ. ಆ ಬೆರಳೇ ಹೋದರೆ ಮುಂದೇನು ಅಂತ ರಾತ್ರಿಯೆಲ್ಲ ಜಂತಿ ನೋಡುತ್ತ ಮಲಗಿರುತ್ತಿದ್ದೆ.

ಮೂರನೇ ದಿನ ಸಂಜೆ ಮೊದಲ ಡಬ್ಬಿ ಬಂತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಕೆಲಗೇರಿ ಕಡೆಯ ಅಕ್ಕ ಒಬ್ಬರು ತಂದಿದ್ದರು. ಅವರ ಮಗಳೂ ನನ್ನ ಮಗನೂ ಒಂದೇ ಗುಂಪಿನಲ್ಲಿದ್ದರು ಅನ್ನುವುದು ಬಿಟ್ಟರೆ ನಮಗೆ ಅವರ ಪರಿಚಯ ಇರಲಿಲ್ಲ. ಮರುದಿನ ಇನ್ನೊಂದು ಡಬ್ಬಿ, ಇನ್ನೊಂದು ಮನೆಯಿಂದ. ಹಾಗೇ ನಾಲ್ಕು ತಿಂಗಳು. ನನ್ನ ಹೆಂಡತಿ ಬ್ಲೌಸ್ ಹೊಲಿಯುತ್ತಾಳೆ. ಆ ನಾಲ್ಕು ತಿಂಗಳು ಮನೆ ನಡೆದದ್ದು ಅವಳ ಮಷಿನ್ ಮೇಲೆ. ಸಂಜೆ ರೊಟ್ಟಿ ಬಡಿಯುವ ಎರಡು ತಾಸು ಅವಳಿಗೆ ಉಳಿದದ್ದರಿಂದ ಎಷ್ಟು ಬ್ಲೌಸ್ ಹೊಲಿದಳೋ ಲೆಕ್ಕವಿಲ್ಲ. ಅಡುಗೆ ಮಾಡಿ ಕಳಿಸಿದ ಒಬ್ಬೊಬ್ಬರೂ ಅವಳ ಕೆಲಸಕ್ಕೆ ಜಾಗ ಮಾಡಿಕೊಟ್ಟಿರಿ. ಅದಕ್ಕೆ ನನ್ನ ಮೊದಲ ನಮಸ್ಕಾರ.

ಹುಬ್ಬಳ್ಳಿಗೆ ಫಿಜಿಯೋಥೆರಪಿಗೆ ವಾರಕ್ಕೆ ಮೂರು ದಿನ ಹೋಗಬೇಕಿತ್ತು. ಕೈ ಪಟ್ಟಿಯಲ್ಲಿ ಕಟ್ಟಿಕೊಂಡು ಚಿಗರಿ ಬಸ್ಸಿನಲ್ಲಿ ಒಬ್ಬನೇ ನಿಲ್ಲುವುದು ಕಷ್ಟ ಅಂತ ಸಪ್ತಾಪುರದ ಅಣ್ಣ ಮೊದಲ ಎರಡು ವಾರ ಜೊತೆಗೆ ಬಂದರು. ಮೂರನೇ ವಾರ ಅವರೇ ಹೇಳಿದರು, "ಇನ್ನ ನೀವ ಒಬ್ಬರ ಹೋಗ್ರಿ. ಏನರ ಆದ್ರ ಫೋನ್ ಮಾಡ್ರಿ, ಬರ್ತೀನಿ." ಆವತ್ತು ಸ್ವಲ್ಪ ಬೇಸರ ಆಯಿತು. ಆದರೆ ಹೋಗಿ ಬಂದೆ. ಇಳಿದಾಗ ಎದೆ ಹಗುರಾಗಿತ್ತು.

ಬ್ಯಾಂಕಿನಲ್ಲಿ ಕೆಲಸ ಮಾಡುವ, ಇನ್ನೊಂದು ಮಗುವಿನ ತಂದೆಯವರೂ ಹಾಗೇ ಮಾಡಿದರು. ಮಷಿನ್ ಸಾಲದ ಕಂತು ಮುಂದೂಡಲು ಅರ್ಜಿ ಕೊಡಬೇಕಿತ್ತು. ಅವರು ಐದು ನಿಮಿಷದಲ್ಲಿ ಬರೆದು ಕೊಡಬಹುದಿತ್ತು. ಪಕ್ಕದಲ್ಲಿ ಕೂತು, "ನೀವ ಬರೀರಿ, ನಾ ಹೇಳ್ತೀನಿ" ಅಂದರು. ಎಡಗೈಯಲ್ಲಿ ಒಂದು ಪುಟ ಬರೆಯಲು ನನಗೆ ಮುಕ್ಕಾಲು ತಾಸು ಬೇಕಾಯಿತು. ಅಷ್ಟೂ ಹೊತ್ತು ಅವರು ಒಮ್ಮೆಯೂ ಗಡಿಯಾರ ನೋಡಲಿಲ್ಲ.

ಫೀಸಿನ ಮಾತಿಗೆ ಅಕ್ಕೋರ ಹತ್ತಿರ ಹೋದಾಗ ನಾನು ತಲೆ ತಗ್ಗಿಸಿಕೊಂಡೇ ಹೋದೆ. ಮಾಫಿ ಅನ್ನುತ್ತಾರೋ, ಬಿಡಿಸಿಕೊಂಡು ಹೋಗಿ ಅನ್ನುತ್ತಾರೋ. ಎರಡನ್ನೂ ಕೇಳುವ ಶಕ್ತಿ ನನಗಿರಲಿಲ್ಲ. ಅವರು ಕೇಳಿದ್ದು, "ಯಾವ ತಿಂಗಳಿಂದ ಕೊಡಾಕ ಆಗ್ತೈತಿ ಅಂತ ನೀವ ಹೇಳ್ರಿ. ನಾ ಬರಕೋತೀನಿ." ಏಪ್ರಿಲ್ ಅಂದೆ. ಬರೆದುಕೊಂಡರು. ಏಪ್ರಿಲ್‌ನಲ್ಲಿ ಕೊಟ್ಟೆ. ನನ್ನ ಮಾತಿಗೆ ಅವರು ಬೆಲೆ ಕೊಟ್ಟರು, ಆ ಮಾತು ಉಳಿಸಿಕೊಳ್ಳಲು ನಾನೂ ಎದ್ದು ಓಡಾಡಿದೆ.

ಎಲ್ಲರೂ ಮಾತಾಡಿಕೊಂಡವರ ಹಾಗೆ ಒಂದೇ ರೀತಿ ಹೇಗೆ ನಡೆದುಕೊಂಡಿರಿ ಅಂತ ಆಗ ತಿಳಿಯಲಿಲ್ಲ. ನನಗೆ ತಿಳಿದದ್ದು ಮಗನಿಂದ.

ಅದನ್ನು ಹೇಳುವ ಮೊದಲು ನಮ್ಮ ಅವ್ವನ ವಿಷಯ ಹೇಳಬೇಕು. ಮಗನನ್ನು ಮಾಂಟೆಸ್ಸರಿಗೆ ಹಾಕುವುದು ಅವ್ವನಿಗೆ ಮನಸ್ಸಿರಲಿಲ್ಲ. "ಸಾಲಿ ಅಂದ್ರ ಪಾಟಿ, ಬಳಪ, ಮಗ್ಗಿ. ಇಲ್ಲಿ ಹುಡುಗರು ನೀರು ಚೆಲ್ಲಿ ತಾವ ಒರಸ್ತಾವ. ಇದನ್ನ ಕಲ್ಯಾಕ ರೊಕ್ಕಾ ಕೊಡಬೇಕೇನು?" ಅನ್ನುತ್ತಿದ್ದಳು. ದುಡ್ಡಿದ್ದವರ ಸಾಲಿ ಅನ್ನುವ ಸಂಕೋಚ ನನಗೂ ಇತ್ತು. ಪಾಲಕರ ಸಭೆಯಲ್ಲಿ ಅಕ್ಕೋರು ಹೇಳಿದ ಮೇಲೆ ಅದು ಹೋಯಿತು. ಮರಿಯಾ ಮಾಂಟೆಸ್ಸರಿ ಎಂಬ ಡಾಕ್ಟರ್ 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊದಲ್ಲಿ ತೆಗೆದ ಮೊದಲ 'ಮಕ್ಕಳ ಮನೆ' ಕೂಲಿಕಾರರ ಮಕ್ಕಳಿಗೆ. ಅಪ್ಪ-ಅವ್ವ ದುಡಿಯಲು ಹೋದಾಗ ವಠಾರದಲ್ಲಿ ಸುಮ್ನೆ ಓಡಾಡಿಕೊಂಡಿದ್ದ ಮಕ್ಕಳು. ಆ ತಾಯಿ 1939ರಲ್ಲಿ ಮದ್ರಾಸಿಗೆ ಬಂದರು. ಮಹಾಯುದ್ಧಕ್ಕೆ ಇಟಲಿಯೂ ಇಳಿದ ಮೇಲೆ, ಇಟಲಿಯವರೆಂಬ ಕಾರಣಕ್ಕೆ ಯುದ್ಧ ಮುಗಿಯುವವರೆಗೂ ಇಲ್ಲೇ ಉಳಿಯಬೇಕಾಯಿತು. ಆ ವರ್ಷಗಳಲ್ಲೇ ಮದ್ರಾಸು, ಕೊಡೈಕೆನಾಲ್ ಕಡೆ ನೂರಾರು ಶಿಕ್ಷಕರನ್ನು ತಯಾರು ಮಾಡಿದರು. ಕಷ್ಟದಲ್ಲಿ ಸಿಕ್ಕಿಕೊಂಡ ಊರಲ್ಲೇ ಅಷ್ಟು ಕೆಲಸ! ಕೈ ಕಟ್ಟಿಕೊಂಡು ಮನೆಯಲ್ಲಿದ್ದ ದಿನಗಳಲ್ಲಿ ನನಗೆ ಈ ಮಾತು ಮತ್ತೆ ಮತ್ತೆ ನೆನಪಾಗುತ್ತಿತ್ತು.

ಈಗ ದೀಪಾವಳಿ ರಜೆಯ ಮಾತು. ಕೈ ಪಟ್ಟಿ ಬಿಚ್ಚಿದ್ದರು. ಆದರೆ ಅಂಗಿ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅವ್ವ ಹಾಕುತ್ತಿದ್ದಳು. ಪ್ರೀತಿಯಿಂದಲೇ ಹಾಕುತ್ತಿದ್ದಳು, ಆದರೂ ನನಗೆ ಅಳು ಬರುವ ಹಾಗಾಗುತ್ತಿತ್ತು. ಅಕ್ಕೋರು ರಜೆಗೆಂದು ಗುಂಡಿ ಫ್ರೇಮನ್ನು ಮನೆಗೆ ಕೊಟ್ಟು ಕಳಿಸಿದ್ದರು. ಕಟ್ಟಿಗೆಯ ಚೌಕಟ್ಟು, ಎರಡು ಕಡೆ ಬಟ್ಟೆ, ನಡುವೆ ದೊಡ್ಡ ಗುಂಡಿಗಳ ಸಾಲು.

ಮಗ ಪಡಸಾಲೆಯಲ್ಲಿ ಚಾಪೆ ಹಾಸಿದ. ಫ್ರೇಮನ್ನು ಎರಡೂ ಕೈಯಲ್ಲಿ ಹಿಡಿದು ತಂದು ನಡುವೆ ಇಟ್ಟ. ನನ್ನನ್ನು ಎಡಗಡೆ ಕೂರಿಸಿಕೊಂಡ. ಒಂದೂ ಮಾತಿಲ್ಲ. ಮೇಲಿನ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದ. ಇನ್ನೊಂದು ಕೈಯಿಂದ ಕಾಜಾದ ಅಂಚು ಎತ್ತಿದ. ಗುಂಡಿಯನ್ನು ಓರೆ ಮಾಡಿ ಒಳಗೆ ತೂರಿಸಿದ. ನಿಂತ. ನನ್ನ ಮುಖ ನೋಡಿದ. ಹಾಗೇ ಕೆಳಗಿನವರೆಗೆ ಎಲ್ಲ ಬಿಚ್ಚಿ, ಬಟ್ಟೆಯ ಎರಡೂ ಬದಿ ತೆರೆದು ತೋರಿಸಿ, ಮತ್ತೆ ಮುಚ್ಚಿ, ಮೇಲಿನಿಂದ ಒಂದೊಂದೇ ಹಾಕಿದ. ಆಮೇಲೆ ಫ್ರೇಮನ್ನು ನನ್ನ ಮುಂದೆ ಸರಿಸಿ, ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತ.

ಮೊದಲ ಗುಂಡಿಗೇ ನನ್ನ ಬೆರಳು ಜಾರಿತು. ಮತ್ತೆ ಜಾರಿತು. ಅವ್ವ ಒಳಗಿನಿಂದ ಬಂದವಳೇ ಕೈ ಹಾಕಲು ಬಗ್ಗಿದಳು. ಆಗ ಮಗ ಅಂದ, "ಆಯಿ, ಬಿಡು. ಅದು ಅಪ್ಪನ ಕೆಲಸ ಐತಿ."

ಅಂದದ್ದು ಅಷ್ಟೇ. ಧ್ವನಿ ಏರಿಸಲಿಲ್ಲ. ಅವರ ಮಕ್ಕಳ ಮನೆಯಲ್ಲಿ ಯಾರಾದರೂ ಚಾಪೆ ಹಾಸಿ ಕೂತರೆ ಬೇರೆಯವರು ಅದನ್ನು ತುಳಿಯುವುದಿಲ್ಲ, ಕೇಳದೆ ಕೈ ಹಾಕುವುದಿಲ್ಲ. ಅದನ್ನೇ ಮನೆಯಲ್ಲೂ ಹೇಳಿದ್ದ. ಅವ್ವ ಕೈ ಹಿಂದೆ ತೆಗೆದುಕೊಂಡು ಕಂಬಕ್ಕೆ ಒರಗಿ ನಿಂತಳು. ಆವತ್ತು ಎರಡು ಗುಂಡಿ ಹಾಕಿದೆ. ರಜೆ ಮುಗಿಯುವ ಹೊತ್ತಿಗೆ ಫ್ರೇಮ್ ಪೂರ್ತಿ ಆಯಿತು. ಅಂಗಿಯ ಸಣ್ಣ ಗುಂಡಿಗೆ ಇನ್ನೂ ಒಂದು ತಿಂಗಳು ಬೇಕಾಯಿತು.

ಸಪ್ತಾಪುರದ ಅಣ್ಣ, ಬ್ಯಾಂಕಿನವರು, ಅಕ್ಕೋರು ನನಗೆ ಮಾಡಿದ್ದೂ ಇದನ್ನೇ ಅಲ್ವಾ? ಪಕ್ಕದಲ್ಲಿ ಕೂತಿರಿ. ನನ್ನ ಕೆಲಸವನ್ನು ನನ್ನ ಕೈಯಲ್ಲೇ ಬಿಟ್ಟಿರಿ.

ಫಿಜಿಯೋಥೆರಪಿಯಲ್ಲಿ ಸ್ಪರ್ಶ ಮರಳಿ ಕಲಿಸಲು ಅಕ್ಕಿ ತುಂಬಿದ ಡಬ್ಬಿಯಲ್ಲಿ ಕೈ ಹಾಕಿಸಿ, ಕಣ್ಣು ಮುಚ್ಚಿಸಿ, ಒಳಗಿರುವ ಸಾಮಾನು ಯಾವುದೆಂದು ಕೇಳುತ್ತಾರೆ. ಮನೆಯಲ್ಲೂ ಮಾಡಲು ಹೇಳಿದ್ದರು. ಮಗ ಅದನ್ನು ನೋಡಿ ಕುಣಿದ, "ಅಪ್ಪಾ, ಇದು ನಮ್ಮ ಸಾಲ್ಯಾಗ ಐತಿ!" ಅವರಲ್ಲಿ ಅದು ಗುಟ್ಟಿನ ಚೀಲ. ಅವನು ತನ್ನ ಕಣ್ಣಿಗೂ ಬಟ್ಟೆ ಕಟ್ಟಿಕೊಂಡು ನನ್ನ ಜೊತೆ ಆಡಿದ. ಕೀಲಿಕೈ, ನಾಣ್ಯ, ಹುಣಸೆ ಬೀಜ. ತಿಂಗಳುಗಟ್ಟಲೆ ನನಗೆ ಒಂದೂ ಸಿಗಲಿಲ್ಲ. ಜನವರಿಯಲ್ಲಿ, ಸಂಕ್ರಾಂತಿ ಆದ ವಾರ, ತೋರುಬೆರಳಿಗೆ ಏನೋ ಗೀರು ಗೀರು ತಾಗಿದ ಹಾಗಾಯಿತು. ಸಿಪ್ಪೆ ಸಮೇತ ಇದ್ದ ಶೇಂಗಾ. ಬಟ್ಟೆ ಬಿಚ್ಚದೆ ಅದನ್ನೇ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದೆ.

ಅಕ್ಕೋರು ಉಜ್ಜುಕಾಗದದ ಅಕ್ಷರಗಳನ್ನೂ ಕೊಟ್ಟಿದ್ದರು. ಹಲಗೆಯ ಮೇಲೆ ಪಾಲಿಶ್ ಪೇಪರ್‌ನಲ್ಲಿ ಕತ್ತರಿಸಿ ಅಂಟಿಸಿದ ಅ, ಮ, ಸ. ಮಕ್ಕಳು ಎರಡು ಬೆರಳಲ್ಲಿ ತಿದ್ದುತ್ತ ಅದರ ಧ್ವನಿ ಹೇಳುತ್ತಾರೆ. ಬರೆಯುವ ಮೊದಲೇ ಕೈಗೆ ಅಕ್ಷರದ ದಾರಿ ಗೊತ್ತಾಗಿರುತ್ತದೆ. ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಆ ಕಾಗದ ಇದೆ. ಅದರಿಂದ ಅಕ್ಷರ ಕಲಿಯಬಹುದು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ! ಮಗನ ಜೊತೆ ನಾನೂ ತಿದ್ದಿದೆ. ಅವನು ಅಕ್ಷರಕ್ಕೆ, ನಾನು ಬೆರಳಿಗೆ.

ಫೆಬ್ರವರಿಯಲ್ಲಿ ಅಕ್ಕೋರು ಅಂಗಡಿಗೆ ಬಂದರು. ಪಿಂಕ್ ಟವರಿನ ಎಲ್ಲಕ್ಕಿಂತ ಸಣ್ಣ ತುಂಡು ಕಳೆದಿತ್ತು. ಮಕ್ಕಳು ಒಂದರ ಮೇಲೊಂದು ಪೇರಿಸುವ ಹತ್ತು ಗುಲಾಬಿ ಘನಗಳು ಅವು, 10 ಸೆಂಟಿಮೀಟರಿನಿಂದ 1 ಸೆಂಟಿಮೀಟರಿನವರೆಗೆ. ಸಣ್ಣದು ಕಳೆಯುವುದು ಸಹಜ. ಅಂಗಡಿ ಬಾಗಿಲು ನಾನು ಆಗಷ್ಟೇ ತೆಗೆಯಲು ಶುರು ಮಾಡಿದ್ದೆ. ಕೆಲಸ ಏನೂ ಇರಲಿಲ್ಲ. "ಮಾಡಿ ಕೊಡ್ರಿ. ಅವಸರ ಇಲ್ಲ. ಆದರ 1 ಸೆಂಟಿಮೀಟರ್ ಅಂದ್ರ 1 ಸೆಂಟಿಮೀಟರ್ ಆಗಬೇಕು" ಅಂದರು. ಕೈ ಹೀಗಿದೆ, ಹೆಚ್ಚು ಕಡಿಮೆ ಆದರೂ ನಡೆಯುತ್ತದೆ ಅನ್ನಲಿಲ್ಲ. ಆ ಮಾತಿಗೆ ನಾನು ಅವರಿಗೆ ಯಾವತ್ತೂ ಋಣಿ.

ಒಂದು ವಾರ ಹಿಡಿಯಿತು. ಸಾಗವಾನಿ ಚೂರು ತೆಗೆದುಕೊಂಡು ಸಣ್ಣ ಗರಗಸದಲ್ಲಿ ಕೊಯ್ದು ಉಜ್ಜಿದೆ. ಒಂದು ಮುಖ ಸರಿ ಆದರೆ ಇನ್ನೊಂದು ಓರೆ. ಎಂಟು ತುಂಡು ಕೆಟ್ಟವು. ಒಂಬತ್ತನೆಯದನ್ನು ಮೂಲೆಮಟ್ಟಕ್ಕೆ ಹಚ್ಚಿ ನೋಡಿದೆ, ಆರೂ ಮುಖ ಕೂತವು. ನನ್ನ ನರ ಹತ್ತು ದಿನದಲ್ಲಿ ಬೆಳೆಯುವಷ್ಟೇ ಉದ್ದ. ಮಕ್ಕಳ ಕೈಯಲ್ಲಿ ಸವೆದು ಹಳೆಯ ಘನಗಳ ಬಣ್ಣ ಮಾಸಿತ್ತು, ಅದಕ್ಕೆ ಹೊಂದುವಂತೆ ಬಣ್ಣ ಕಲಸಲು ಮತ್ತೆ ಎರಡು ದಿನ.

ಸಾಲಿಗೆ ಒಯ್ದು ಕೊಟ್ಟಾಗ ಅದನ್ನು ಪರೀಕ್ಷೆ ಮಾಡಿದ್ದು ಅಕ್ಕೋರಲ್ಲ. ನಾಲ್ಕು ವರ್ಷದ ಒಬ್ಬ ಹುಡುಗಿ. ಎಲ್ಲ ಘನಗಳನ್ನು ಒಂದು ಮೂಲೆಗೆ ಸರಿಯಾಗಿ ಹೊಂದಿಸಿ ಪೇರಿಸಿದಳು. ಹಾಗೆ ಪೇರಿಸಿದರೆ ಆಚೆ ಬದಿ ಪ್ರತಿ ಮೆಟ್ಟಿಲಿನಲ್ಲೂ 1 ಸೆಂಟಿಮೀಟರ್ ಅಂಚು ಉಳಿಯುತ್ತದೆ. ನನ್ನ ತುಂಡನ್ನು ಹಿಡಿದು ಕೆಳಗಿನ ಅಂಚಿನ ಮೇಲೆ ಇಟ್ಟಳು. ಕೂತಿತು. ಮೇಲಿನ ಮೆಟ್ಟಿಲು. ಕೂತಿತು. ಒಂದೊಂದೇ ಹತ್ತಿ ತುದಿಗೆ ಇಟ್ಟು, ನನ್ನ ಕಡೆ ತಿರುಗಿಯೂ ನೋಡದೆ ಬಿಚ್ಚಲು ಶುರು ಮಾಡಿದಳು. ನಾನು ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ಅತ್ತೆ. ಮಾರ್ಚ್‌ನಲ್ಲಿ ಮೊದಲ ಬಾಗಿಲಿನ ಆರ್ಡರ್ ಹಿಡಿದೆ.

ಅವ್ವನಿಗೂ ನೀವು ಕೆಲಸ ಕೊಟ್ಟಿರಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವುದನ್ನು ತೋರಿಸಲು ಕರೆದಿರಿ. ಮಕ್ಕಳ ನಡುವೆ ಕೂತು ಮಣ್ಣು ನಾದಿ ಕೊಂಬು, ಹಿಣಿಲು ತಿದ್ದಿ ಬಂದವಳು ಮೂರು ದಿನ ಅದೇ ಮಾತಾಡಿದಳು. ಪಾಟಿ-ಬಳಪದ ಮಾತು ಇನ್ನೂ ಆಗಾಗ ಬರುತ್ತದೆ. ಆದರೆ ಮೊಮ್ಮಗ ನೀರು ಚೆಲ್ಲಿದರೆ ಈಗ ಬಟ್ಟೆ ಅವನ ಕೈಗೇ ಕೊಡುತ್ತಾಳೆ.

ಮೇ ರಜೆಯಲ್ಲಿ ನಾನು ಒಂದು ವಾರ ಸಾಮಾನು ತೆಗೆದುಕೊಂಡು ಮಕ್ಕಳ ಮನೆಗೆ ಬರುತ್ತೇನೆ. ಅಕ್ಕೋರಿಗೆ ಹೇಳಿಯಾಗಿದೆ. ಎರಡು ಕಪಾಟು ಅಲುಗಾಡುತ್ತಿವೆ, ಕುರ್ಚಿಗಳ ಕಾಲು ಸಡಿಲ ಆಗಿವೆ. ಬೇರೆ ಏನಾದರೂ ಇದ್ದರೆ ಹೇಳಿ.

ಇನ್ನೊಂದು ಮಾತು. ನಮ್ಮ ಮನೆಯಲ್ಲಿ ನಿಮ್ಮ ಏಳು ಡಬ್ಬಿ ಉಳಿದಿವೆ. ಯಾವುದು ಯಾರದ್ದು ಅಂತ ಗೊತ್ತಿಲ್ಲ. ಶನಿವಾರ ಮಕ್ಕಳ ಸಾಮಾನು ಒಯ್ಯಲು ಬರುತ್ತೀರಲ್ಲ, ಆಗ ಗೇಟಿನ ಹತ್ತಿರ ಇಟ್ಟುಕೊಂಡು ನಿಂತಿರುತ್ತೇನೆ. ಖಾಲಿ ಡಬ್ಬಿ ತಿರುಗಿ ಕೊಡಬಾರದು ಅಂತ ಅವ್ವ ಎಲ್ಲದರಲ್ಲೂ ಶೇಂಗಾ ಉಂಡಿ ತುಂಬಿದ್ದಾಳೆ. ಒಂದು ಸ್ಟೀಲಿನದು, ಮುಚ್ಚಳದ ಮೇಲೆ ಉಗುರು ಬಣ್ಣದಿಂದ ಸಣ್ಣ ಹೂವು ಬರೆದಿದೆ. ಮೂರನೇ ದಿನ ಸಂಜೆ ಬಂದದ್ದು ಅದೇ ಇರಬೇಕು. ಕೆಲಗೇರಿ ಅಕ್ಕ, ನೋಡಿ ಹೇಳಿ.