ಶಟಲ್: ರಾಕೆಟ್ಟಿಗೆ ಸಾವಿರಗಟ್ಟಲೆ, ಹಿಮ್ಮಡಿಗೆ ಹತ್ತು ನಿಮಿಷವೂ ಇಲ್ಲ

ಸಂಪಾದಕರೇ,

ನಲವತ್ತರ ಆಸುಪಾಸಿನಲ್ಲಿ ಶಟಲ್ ಆಡಲು ಶುರು ಮಾಡುವವರು ಈಗ ಬೆಂಗಳೂರು, ಮೈಸೂರಲ್ಲಷ್ಟೇ ಅಲ್ಲ, ತಾಲ್ಲೂಕು ಕೇಂದ್ರಗಳಲ್ಲೂ ಕಾಣಸಿಗುತ್ತಾರೆ. ತಗಡಿನ ಚಾವಣಿಯಡಿ ಮ್ಯಾಟ್ ಹಾಸಿ ಗಂಟೆ ಲೆಕ್ಕದಲ್ಲಿ ಕೋರ್ಟ್ ಬಾಡಿಗೆಗೆ ಕೊಡುತ್ತಾರೆ. 7ಕ್ಕೆ ಹಿಂದಿನವರು ಇಳಿದರೆ 7ಕ್ಕೇ ಮುಂದಿನವರು ಹತ್ತಬೇಕು. ಕೊಟ್ಟ ದುಡ್ಡು ಹಾಳಾಗಬಾರದೆಂದು ಆಫೀಸಿನ ಕುರ್ಚಿಯಿಂದ ಎದ್ದು ಬಂದ ಕಾಲಿನಲ್ಲೇ ಸ್ಮ್ಯಾಶ್ ಶುರು. ಏಟು ಬೀಳುವುದು ಇಲ್ಲೇ.

ಎತ್ತರಕ್ಕೆ ಬಂದ ಶಟಲ್ಲಿಗಾಗಿ ಹಿಂದಕ್ಕೆ ಹೋಗಿ, ಹಿಂದಿಟ್ಟ ಕಾಲನ್ನೇ ಊರಿ ಮುಂದಕ್ಕೆ ಚಿಮ್ಮುವಾಗ ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ಅಕಿಲಿಸ್ ಸ್ನಾಯುರಜ್ಜಿನ ಮೇಲೆ ಇಡೀ ಭಾರ ಬೀಳುತ್ತದೆ. ಅದು ಹರಿದಾಗ ‘ಟಪ್’ ಎಂದು ಕೇಳಿಸುತ್ತದೆ. ಹಿಂದಿನಿಂದ ಯಾರೋ ಒದ್ದರೆಂದು ಆಟಗಾರ ತಿರುಗಿ ನೋಡುತ್ತಾನೆ, ಅಲ್ಲಿ ಯಾರೂ ಇರುವುದಿಲ್ಲ. ನೋವು ಬೇಗ ಇಳಿಯಬಹುದು, ಕುಂಟಿಕೊಂಡು ನಡೆಯಲೂ ಆಗಬಹುದು. ಹಾಗಾಗಿ ‘ಉಳುಕು’ ಎಂದುಕೊಂಡು ಎಣ್ಣೆ ತಿಕ್ಕಿಸಿ, ನಾಟಿ ಕಟ್ಟು ಹಾಕಿಸಿ ವಾರಗಟ್ಟಲೆ ಕಳೆಯುತ್ತಾರೆ. ಅಷ್ಟರಲ್ಲಿ ಹರಿದ ತುದಿಗಳು ದೂರ ಸರಿದು ಶಸ್ತ್ರಚಿಕಿತ್ಸೆಯೇ ಕಷ್ಟವಾಗುತ್ತದೆ. ಪರೀಕ್ಷೆ ಸುಲಭ: ಮಂಚದ ಮೇಲೆ ಬೋರಲು ಮಲಗಿಸಿ, ಪಾದ ಅಂಚಿನಾಚೆ ಇಳಿಬಿಟ್ಟು, ಮೀನಖಂಡವನ್ನು ಹಿಂಡಿ. ಪಾದ ಅಲುಗದಿದ್ದರೆ ಅಂದೇ ಮೂಳೆ ವೈದ್ಯರ ಬಳಿಗೆ ಹೋಗಬೇಕು. ಅಲುಗಿದರೂ ಅನುಮಾನ ಉಳಿದಿದ್ದರೆ ತೋರಿಸುವುದೇ ಲೇಸು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಗುಂಪಿನ ಆ್ಯಂಟಿಬಯಾಟಿಕ್‌ಗಳು ಈ ಸ್ನಾಯುರಜ್ಜನ್ನು ದುರ್ಬಲಗೊಳಿಸಬಲ್ಲವು. ಸ್ಟೀರಾಯ್ಡ್ ಜತೆಗಿದ್ದರೆ, ವಯಸ್ಸು 60 ದಾಟಿದ್ದರೆ ಅಪಾಯ ಇನ್ನೂ ಹೆಚ್ಚು. ಆ ಮಾತ್ರೆ ನುಂಗಿದವರು ಕೋರ್ಟಿಗೆ ಮರಳುವ ಮುನ್ನ ವೈದ್ಯರನ್ನು ಕೇಳಬೇಕು.

ಶೂಗಳದ್ದೂ ಇಂಥದೇ ಕಥೆ. ಓಟದ ಶೂಗಳ ಹಿಮ್ಮಡಿಯಲ್ಲಿ ದಪ್ಪ ಫೋಮ್ ಇರುತ್ತದೆ. ನೇರ ಓಟಕ್ಕೆ ಅದು ಸರಿ, ಅಡ್ಡಕ್ಕೆ ಹಾರಿದರೆ ಕಣಕಾಲು ಮಗುಚುತ್ತದೆ. ಶಟಲ್ಲಿಗೆ ಬೇಕಾದದ್ದು ನೆಲಕ್ಕೆ ಹತ್ತಿರವಿರುವ, ಗಮ್ ರಬ್ಬರ್ ಅಟ್ಟೆಯ ಶೂ. ರಾಕೆಟ್ಟಿಗೆ ಸುರಿಯುವ ದುಡ್ಡಿನಲ್ಲಿ ಅರ್ಧವನ್ನು ಇದಕ್ಕೆ ಹಾಕಿದರೂ ಸಾಕು.

ಮೊಣಕೈ ನೋವಿಗೆ ಮುಖ್ಯ ಕಾರಣ ಹಿಡಿತ. ಶಟಲ್‌ಗೆ ತಾಗುವ ಕ್ಷಣದಲ್ಲಿ ಮಾತ್ರ ಬೆರಳು ಬಿಗಿಯಾಗಬೇಕು. ಹೊಸಬರು ಆಟವಿಡೀ ಹಿಡಿಯನ್ನು ಹಿಚುಕುತ್ತಲೇ ಇರುತ್ತಾರೆ. ಮೇಲಾಗಿ ಚಾಂಪಿಯನ್ನರ ಹಾಗೆ ತಂತಿಯನ್ನು 28 ಪೌಂಡಿಗೆ ಬಿಗಿಸುತ್ತಾರೆ. ಆರಂಭಕ್ಕೆ 20ರಿಂದ 22 ಪೌಂಡ್ ಬಿಗಿತ, 80ರಿಂದ 84 ಗ್ರಾಂ ತೂಗುವ ‘4ಯು’ ಗುರುತಿನ ರಾಕೆಟ್ ಧಾರಾಳವಾಯಿತು.

ಆಟಕ್ಕೆ ಮುನ್ನ ಹತ್ತು ನಿಮಿಷ ನಿಧಾನ ಓಟ, ಕಣಕಾಲು ತಿರುಗಿಸುವುದು, ಪ್ರತಿ ಕಾಲಿಗೆ ಹತ್ತು ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸಿ ಏಳುವುದು). ಮನೆಯಲ್ಲಿ ಮೆಟ್ಟಿಲಿನ ಅಂಚಿನ ಮೇಲೆ ಎರಡೂ ಕಾಲಿನ ತುದಿಯಲ್ಲಿ ಎದ್ದು, ಒಂದೇ ಕಾಲಿನಲ್ಲಿ ನಿಧಾನವಾಗಿ ಹಿಮ್ಮಡಿ ಇಳಿಸುವುದು, 15ರಂತೆ ಮೂರು ಸಲ. ಮೊದಲ ತಿಂಗಳು ವಾರಕ್ಕೆ ಎರಡೇ ದಿನ ಆಟ, ಅದೂ ಡಬಲ್ಸ್.

ಕೋರ್ಟ್ ನಡೆಸುವವರು ಎರಡು ಸ್ಲಾಟ್‌ಗಳ ನಡುವೆ ಹತ್ತು ನಿಮಿಷ ಬಿಡಲಿ, ಆ ಹೊತ್ತಿನಲ್ಲಿ ಮ್ಯಾಟ್ ಮೇಲಿನ ಬೆವರನ್ನೂ ಒರೆಸಿಸಲಿ. ಈಗ ಬಹಳ ಕಡೆ ತಂಪು ಪಾನೀಯದ ಫ್ರಿಜ್ ಇದೆ, ಏಟಾದ ಕಾಲಿಗೆ ಇಡಲು ಒಂದು ಹಿಡಿ ಐಸ್ ಸಿಗುವುದಿಲ್ಲ.

– ಶಟಲ್ ತರಬೇತುದಾರರು, ಮೈಸೂರು